ಚಂದ್ರನ ಮೇಲಿನ ಒಂದು ಎಕರೆಗೆ ಖಾತೆ ಮಾಡಿಕೊಡುವವರು ಯಾರು?

ಮಂಚೇನಹಳ್ಳಿ ಮೇಷ್ಟರು

ನಮ್ಮ ಊರಿನ ಒಂದು ಮನೆಯವರು ಮಗಳ ಮದುವೆಗೆ ಚಂದ್ರನ ಮೇಲೆ ಒಂದು ಎಕರೆ ಜಮೀನು ಉಡುಗೊರೆ ಕೊಟ್ಟಿದ್ದಾರೆ. ಅಂತರ್ಜಾಲದಲ್ಲಿ ಹಣ ಕಟ್ಟಿ ತರಿಸಿದ ಪ್ರಮಾಣಪತ್ರ, ಅಕ್ಷಾಂಶ ರೇಖಾಂಶ ಗುರುತು ಮಾಡಿದ ನಕ್ಷೆ ಎರಡೂ ನಡುಮನೆಯ ಗೋಡೆಯ ಮೇಲಿವೆ. ಆ ಮನೆಯ ಕಿರಿಯ ಹುಡುಗ ನನ್ನ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅವನು ಈ ವಿಷಯ ತರಗತಿಯಲ್ಲಿ ಹೇಳಿದ ಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಚಂದ್ರನನ್ನು ಮಾರುವ ಹಕ್ಕು ಅವರಿಗೆ ಕೊಟ್ಟವರು ಯಾರು? ನಮ್ಮ ಚಂದ್ರಯಾನ 3ರ ವಿಕ್ರಮ್ ನೌಕೆ ಇಳಿದ ಜಾಗ ನಮ್ಮದಲ್ಲವೇ? ನಾಳೆ ಅಲ್ಲಿ ನೀರೋ ಚಿನ್ನವೋ ಸಿಕ್ಕರೆ ಅದು ಯಾರಿಗೆ?

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರ ಯಾವ ದೇಶಕ್ಕೂ ಸೇರಿದ್ದಲ್ಲ ಎಂದು ನಾನು ಒಂದೇ ಸಾಲಿನಲ್ಲಿ ಹೇಳಿದೆ. ಮಕ್ಕಳಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಯಾರದೂ ಅಲ್ಲ ಎಂದಮೇಲೆ ಮೊದಲು ಹೋದವರು ತಡೆಯಿಲ್ಲದೆ ಏನು ಬೇಕಾದರೂ ಮಾಡಬಹುದಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಈ ಗುಂಪಿನಲ್ಲಿ ಕಾನೂನು ಬಲ್ಲವರಿದ್ದೀರಿ, ಆಕಾಶ ನೋಡುವವರಿದ್ದೀರಿ. ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕೆಂಬ ಆಸೆ ನನಗಿದೆ. ದಯವಿಟ್ಟು ಬಿಡಿಸಿ ಬರೆಯಿರಿ.

ಕೋಲಾರ ವಕೀಲೆ

ಮೇಷ್ಟರೇ, ಮೊದಲು ಗೋಡೆಯ ಮೇಲಿರುವ ಕಾಗದದ ವಿಚಾರ. ನಮ್ಮಲ್ಲಿ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ಮಾರಲು ನೋಂದಾಯಿತ ಕ್ರಯಪತ್ರ ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳುವುದು ಇದನ್ನೇ. ನೋಂದಣಿಯಾಗಬೇಕಾದರೆ ಆಸ್ತಿ ಯಾವುದಾದರೊಂದು ನೋಂದಣಿ ಜಿಲ್ಲೆಯೊಳಗೆ ಇರಬೇಕು. ಚಂದ್ರ ಜಗತ್ತಿನ ಯಾವ ನೋಂದಣಿ ಕಚೇರಿಯ ವ್ಯಾಪ್ತಿಗೂ ಬರುವುದಿಲ್ಲ. ಅದಿರಲಿ, ಜಮೀನು ಕೊಳ್ಳುವ ಯಾರೇ ಬಂದರೂ ನಾವು ಮೊದಲು ಕೇಳುವುದು ಮಾರುವವನ ಮೂಲಪತ್ರವನ್ನು. ಮಾರುವವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ.

ಈ ವ್ಯಾಪಾರಕ್ಕೆ ದಾರಿ ತೋರಿಸಿದವನು ಅಮೆರಿಕದ ಡೆನ್ನಿಸ್ ಹೋಪ್. 1980ರಲ್ಲಿ ಅವನು ಚಂದ್ರ ತನ್ನದು ಎಂದು ಘೋಷಿಸಿ ವಿಶ್ವಸಂಸ್ಥೆಗೆ ಪತ್ರ ಬರೆದ. ಉತ್ತರ ಬರಲಿಲ್ಲ. ಆಕ್ಷೇಪಣೆ ಇಲ್ಲ ಎಂದು ತಾನೇ ಅರ್ಥ ಮಾಡಿಕೊಂಡು ಎಕರೆ ಲೆಕ್ಕದಲ್ಲಿ ಮಾರತೊಡಗಿದ. ಒಪ್ಪಂದ ದೇಶಗಳನ್ನು ಮಾತ್ರ ತಡೆಯುತ್ತದೆ, ವ್ಯಕ್ತಿಗಳನ್ನು ತಡೆಯುವುದಿಲ್ಲ ಎಂಬುದು ಅವನ ವಾದ. ಕೇಳುವುದಕ್ಕೆ ಗಟ್ಟಿಯಾಗಿದೆ, ಆದರೆ ನಿಲ್ಲುವುದಿಲ್ಲ. ಒಬ್ಬ ವ್ಯಕ್ತಿಗೆ ಜಮೀನಿನ ಮೇಲೆ ಹಕ್ಕು ಇದೆ ಎಂದರೆ ಆ ಹಕ್ಕನ್ನು ಗುರುತಿಸಿ ಕಾಯುವ ಒಂದು ಪ್ರಭುತ್ವ ಆ ನೆಲದ ಮೇಲೆ ಇದೆ ಎಂದರ್ಥ. ಒಪ್ಪಂದದ ಎರಡನೇ ವಿಧಿ ಆ ಪ್ರಭುತ್ವವನ್ನೇ ತೆಗೆದುಹಾಕಿದೆ: ಸಾರ್ವಭೌಮತ್ವದ ಹಕ್ಕು ಸಾಧಿಸಿಯಾಗಲಿ, ಬಳಸಿಯಾಗಲಿ, ಅಲ್ಲಿ ನೆಲೆ ನಿಂತಾಗಲಿ, ಇನ್ನಾವ ರೀತಿಯಲ್ಲಾಗಲಿ ಚಂದ್ರನನ್ನು ಯಾವ ದೇಶವೂ ತನ್ನದಾಗಿಸಿಕೊಳ್ಳುವಂತಿಲ್ಲ. ಆರನೇ ವಿಧಿಯ ಪ್ರಕಾರ ಖಾಸಗಿಯವರು ಬಾಹ್ಯಾಕಾಶದಲ್ಲಿ ಏನೇ ಮಾಡಿದರೂ ಅವರ ದೇಶವೇ ಹೊಣೆ, ಅವರಿಗೆ ಅನುಮತಿ ಕೊಟ್ಟು ನಿರಂತರ ಮೇಲ್ವಿಚಾರಣೆ ಮಾಡಬೇಕಾದದ್ದೂ ಆ ದೇಶವೇ. ಭಾರತ ಈ ಒಪ್ಪಂದಕ್ಕೆ 1967ರಲ್ಲಿ ಸಹಿ ಹಾಕಿ 1982ರಲ್ಲಿ ಅನುಮೋದಿಸಿತು.

ಆ ಮನೆಯವರು ಕಾಗದವನ್ನು ನೆನಪಿಗಾಗಿ ಇಟ್ಟುಕೊಳ್ಳಲಿ. ಮದುಮಗಳಿಗೆ ಅದು ಆಸ್ತಿ ಎಂದು ಮಾತ್ರ ಯಾರೂ ಹೇಳಬಾರದು.

ಚಿಂತಾಮಣಿ ರೈತ

ವಕೀಲರಿಗೆ ಒಂದು ಪ್ರಶ್ನೆ. ನಮ್ಮ ಕಡೆ ಬಗರ್ ಹುಕುಂ ಸಾಗುವಳಿ ಇದೆ. ಸರ್ಕಾರಿ ಜಮೀನನ್ನು ವರ್ಷಗಟ್ಟಲೆ ಉತ್ತು ಬಿತ್ತಿದವರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಸಾಗುವಳಿ ಚೀಟಿ ಪಡೆದಿದ್ದಾರೆ. ನಾವೂ ಅರ್ಜಿ ಹಾಕಿ ಕಾದವರೇ. ಬೆವರು ಸುರಿಸಿದವನಿಗೆ ಭೂಮಿ ಎಂಬ ನಂಬಿಕೆ ನಮ್ಮ ರಕ್ತದಲ್ಲಿದೆ. ಚಂದ್ರನಿಗೆ ಹೋಗಿ ಇಪ್ಪತ್ತು ಮೂವತ್ತು ವರ್ಷ ಒಂದು ಜಾಗವನ್ನು ಹಸನು ಮಾಡಿದವರಿಗೆ ಆ ಜಾಗ ಯಾಕೆ ಸಿಗಬಾರದು?

ಕೋಲಾರ ವಕೀಲೆ

ಪ್ರಶ್ನೆ ನ್ಯಾಯವಾದದ್ದು. ಆದರೆ ಬಗರ್ ಹುಕುಂ ಜಮೀನಿಗೆ ಒಬ್ಬ ಮಾಲೀಕ ಮೊದಲೇ ಇದ್ದಾನೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಓದಿ. ರಸ್ತೆ, ಹೊಳೆ, ಹಳ್ಳ, ಕೆರೆ ಮತ್ತು ಬೇರೆ ಯಾರ ಸ್ವತ್ತೂ ಅಲ್ಲದ ಎಲ್ಲ ಭೂಮಿ ರಾಜ್ಯ ಸರ್ಕಾರದ್ದು ಎಂದು ಅದು ಹೇಳುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಹುಡುಕಿದರೂ ವಾರಸುದಾರರಿಲ್ಲದ ಒಂದು ಗುಂಟೆ ಸಿಗುವುದಿಲ್ಲ. ಯಾರದೂ ಅಲ್ಲದ್ದು ಸರ್ಕಾರದ್ದು. ನೀವು ಅರ್ಜಿ ಹಾಕುವುದು ಆ ಮಾಲೀಕನಿಗೆ, ಚೀಟಿ ಕೊಡುವವನೂ ಅವನೇ. ಚಂದ್ರನಿಗೆ 67ನೇ ಕಲಂ ಇಲ್ಲ, ತಹಶೀಲ್ದಾರರೂ ಇಲ್ಲ. ಎಷ್ಟು ವರ್ಷ ನೆಲೆಸಿದರೂ ಅದು ಹಕ್ಕಾಗಬಾರದೆಂದೇ ಎರಡನೇ ವಿಧಿಯಲ್ಲಿ ಬಳಕೆ, ನೆಲೆ ಎರಡನ್ನೂ ಹೆಸರಿಸಿ ಮುಚ್ಚಿದ್ದಾರೆ. ನಮ್ಮ ಪೂರ್ವಿಕರ ನೆಲವನ್ನು ಹಡಗಿನಲ್ಲಿ ಬಂದವರು ಬಾವುಟ ನೆಟ್ಟು ತಮ್ಮದೆಂದ ಕಾಲ ಆ ಒಪ್ಪಂದ ಬರೆದವರಿಗೆ ಹತ್ತಿರದ ನೆನಪು.

ಸಿರಾ ಗೇಟ್ ತುಮಕೂರು

ಎಲ್ಲ ಸರಿ. ಆದರೂ 2023ರ ಆಗಸ್ಟ್ 23ರ ಸಂಜೆ ನಮಗಾದ ಆನಂದವನ್ನು ಕಾನೂನಿನ ಪುಸ್ತಕದಲ್ಲಿ ಮುಚ್ಚಿಡಬೇಡಿ. ದಕ್ಷಿಣ ಧ್ರುವಕ್ಕೆ ಅಷ್ಟು ಹತ್ತಿರ ಮೆಲ್ಲಗೆ ಇಳಿದ ಮೊದಲ ದೇಶ ನಮ್ಮದು. ಆ ಜಾಗಕ್ಕೆ ಶಿವಶಕ್ತಿ ಎಂದು ಹೆಸರಿಟ್ಟಿದ್ದೇವೆ, ಆ ಹೆಸರಿಗೆ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿಗೆಯನ್ನೂ ಕೊಟ್ಟಿದೆ. ಅಮೆರಿಕ, ಚೀನಾ ತಮ್ಮ ನೆಲೆಗಳಿಗೆ ಜಾಗ ನೋಡುತ್ತಿರುವುದೂ ದಕ್ಷಿಣ ಧ್ರುವದಲ್ಲೇ. ನಾವು ನೀತಿ ಹೇಳುತ್ತ ಕುಳಿತರೆ ನಮ್ಮ ಜಾಗವೂ ಹೋಗುತ್ತದೆ. ನಮ್ಮದು ಎಂದು ಗಟ್ಟಿಯಾಗಿ ಹೇಳುವುದರಲ್ಲಿ ತಪ್ಪೇನು?

ಮಂಚೇನಹಳ್ಳಿ ಮೇಷ್ಟರು

ಆ ಸಂಜೆ ನಮ್ಮ ಶಾಲೆಯಲ್ಲೂ ಮಕ್ಕಳು ಕುಣಿದಿದ್ದಾರೆ, ನಾನೂ ಅತ್ತಿದ್ದೇನೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಚಂದ್ರನ ಮೇಲೆ ರಾಮನ್, ಭಾಭಾ, ಸಾರಾಭಾಯಿ ಹೆಸರಿನ ಕುಳಿಗಳಿವೆ, ಅವು ಭಾರತದ ಕುಳಿಗಳಲ್ಲ. 1969ರ ಜುಲೈನಲ್ಲಿ ಅಮೆರಿಕದವರು ಬಾವುಟ ನೆಟ್ಟರು. ಇಡೀ ಮನುಕುಲದ ಪರವಾಗಿ ಶಾಂತಿಯಿಂದ ಬಂದಿದ್ದೇವೆ ಎಂಬ ಫಲಕವನ್ನೂ ಬಿಟ್ಟುಬಂದರು. ಅದೇ ವರ್ಷದ ನವೆಂಬರ್‌ನಲ್ಲಿ ಆ ಬಾವುಟ ರಾಷ್ಟ್ರದ ಹೆಮ್ಮೆಯ ಸಂಕೇತವೇ ಹೊರತು ಒಡೆತನದ ಘೋಷಣೆ ಅಲ್ಲವೆಂದು ಅಮೆರಿಕದ ಸಂಸತ್ತು ಕಾನೂನಿನಲ್ಲೇ ಬರೆಯಿತು. ಮೊದಲು ಕಾಲಿಟ್ಟವರೇ ನಮ್ಮದು ಅನ್ನಲಿಲ್ಲ. ನಾವು ಇಂದು ಶಿವಶಕ್ತಿಯ ಸುತ್ತ ಬೇಲಿ ಹಾಕಿದರೆ ನಾಳೆ ಬೇರೆಯವರು ಹಾಕುವ ಬೇಲಿಯನ್ನು ಯಾವ ಬಾಯಿಯಿಂದ ಪ್ರಶ್ನಿಸುತ್ತೇವೆ?

ವಿಕ್ರಮ್ ಮತ್ತು ಅದರೊಳಗಿಂದ ಇಳಿದ ಬಂಡಿ ಪ್ರಜ್ಞಾನ್ ಮಾತ್ರ ಇವತ್ತಿಗೂ ನಮ್ಮವೇ. ಉಡಾಯಿಸಿದ ವಸ್ತುವಿನ ಮೇಲೆ ಅದನ್ನು ನೋಂದಾಯಿಸಿಕೊಂಡ ದೇಶದ ಅಧಿಕಾರ ಎಲ್ಲಿದ್ದರೂ ಉಳಿಯುತ್ತದೆ ಎಂದು ಎಂಟನೇ ವಿಧಿ ಹೇಳುತ್ತದೆ.

ತಿಪಟೂರು ತೆಂಗು

ಇದಕ್ಕೊಂದು ವಿಚಿತ್ರ ನಿದರ್ಶನವಿದೆ. 1973ರಲ್ಲಿ ಸೋವಿಯತ್ ಒಕ್ಕೂಟ ಚಂದ್ರನಿಗೆ ಕಳಿಸಿದ ಲೂನೊಖೋದ್ 2 ಬಂಡಿಯನ್ನು 1993ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜು ಹಾಕಿದರು. ರಿಚರ್ಡ್ ಗ್ಯಾರಿಯಟ್ ಎಂಬವರು 68,500 ಡಾಲರ್ ಕೊಟ್ಟು ಕೊಂಡರು. ಬಂಡಿ ಈಗಲೂ ಅಲ್ಲೇ ನಿಂತಿದೆ. ಬಂಡಿ ಅವರದು, ಚಕ್ರದ ಕೆಳಗಿನ ಮಣ್ಣು ಯಾರದೂ ಅಲ್ಲ.

ರಾಬರ್ಟ್‌ಸನ್‌ಪೇಟೆ

ಇಲ್ಲಿಯವರೆಗೂ ಎಲ್ಲರೂ ನೆಲ ಯಾರದು ಎಂದು ಕೇಳುತ್ತಿದ್ದೀರಿ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನಾಗಿ ಹೇಳುತ್ತೇನೆ, ಅದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ ಅಗೆದದ್ದು ಯಾರದು ಎಂಬುದು.

ನನ್ನ ತಂದೆ, ತಾತ ಇಬ್ಬರೂ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ನಮ್ಮ ಚಿನ್ನದ ಗಣಿಯ ನೆಲವನ್ನು ಮೈಸೂರು ಸಂಸ್ಥಾನ ಯಾರಿಗೂ ಮಾರಲಿಲ್ಲ. 1870ರ ದಶಕದಲ್ಲಿ ಮೈಕೆಲ್ ಲ್ಯಾವೆಲ್ ಎಂಬ ಮಾಜಿ ಸೈನಿಕ ಅಗೆಯುವ ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿ ಗಣಿ ನಡೆಸಿತು. ನೆಲ ಗುತ್ತಿಗೆಯದು, ಸಂಸ್ಥಾನಕ್ಕೆ ರಾಯಧನ ಬರುತ್ತಿತ್ತು, ಚಿನ್ನ ಮಾತ್ರ ಹಡಗು ಹತ್ತಿ ಹೋಗುತ್ತಿತ್ತು. ರಾಜ್ಯ ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡದ್ದು 1956ರಲ್ಲಿ. ಅಷ್ಟರಲ್ಲಿ ಒಳ್ಳೆಯ ಅದಿರು ಬಹುಪಾಲು ಮುಗಿದಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿತು. ನಮಗೆ ಉಳಿದದ್ದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಮಿಕ್ಕ ಮಣ್ಣಿನ ದಿಬ್ಬಗಳು. ಹದಿಮೂರು ದಿಬ್ಬ, ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿಮಣ್ಣು. ಗಾಳಿ ಬೀಸಿದ ದಿನ ಅದು ಊಟದ ತಟ್ಟೆಗೆ ಬರುತ್ತದೆ, ಉಸಿರಿಗೂ ಬರುತ್ತದೆ. ಈ ನೆಲದ ಒಡೆತನ ಬರೀ ಕಾಗದದ ಮೇಲೆ ನೋಡಿದರೆ ಒಂದು ದಿನವೂ ಹೊರಗಿನವರ ಕೈಗೆ ಹೋಗಿಲ್ಲ.

ಈಗ ಚಂದ್ರನ ಕಡೆ ನೋಡಿ. ಅಮೆರಿಕ 2015ರಲ್ಲಿ ಕಾನೂನು ಮಾಡಿತು. ಚಂದ್ರನನ್ನಾಗಲಿ ಕ್ಷುದ್ರಗ್ರಹವನ್ನಾಗಲಿ ತನ್ನದು ಎನ್ನುವುದಿಲ್ಲ, ಆದರೆ ಅಲ್ಲಿಂದ ತೆಗೆದದ್ದು ತೆಗೆದ ಕಂಪನಿಯದು. 2017ರಲ್ಲಿ ಲಕ್ಸೆಂಬರ್ಗ್, 2021ರಲ್ಲಿ ಜಪಾನ್ ಅದೇ ಹಾದಿ ಹಿಡಿದವು. ಇದು ನಮ್ಮ ಗಣಿಯ ಗುತ್ತಿಗೆಯೇ. ಒಂದು ವ್ಯತ್ಯಾಸವಿದೆ: ಇಲ್ಲಿ ರಾಯಧನ ಕೇಳಲು ಒಂದು ಸಂಸ್ಥಾನವಾದರೂ ಇತ್ತು, ಅಲ್ಲಿ ಕೇಳುವವರೇ ಇಲ್ಲ.

ಮತ್ತೊಂದು ಮಾತು. ಚಂದ್ರ ದೊಡ್ಡದು, ಎಲ್ಲರಿಗೂ ಸಾಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಂದ್ರನ ಅಕ್ಷ ಸುಮಾರು ಒಂದೂವರೆ ಡಿಗ್ರಿ ಮಾತ್ರ ವಾಲಿರುವುದರಿಂದ ಧ್ರುವದ ಕೆಲವು ಆಳದ ಕುಳಿಗಳ ತಳಕ್ಕೆ ಬಿಸಿಲು ಎಂದೂ ಬೀಳುವುದಿಲ್ಲ. ಹಿಮ ಇರುವುದು ಅಲ್ಲಿ. ಅವುಗಳ ಅಂಚಿನ ಕೆಲವು ಏಣುಗಳ ಮೇಲೆ ವರ್ಷದ ಬಹುಪಾಲು ಬಿಸಿಲಿರುತ್ತದೆ; ಸೌರವಿದ್ಯುತ್ ಸಿಗುವುದು ಅಲ್ಲಿ. ನೀರೂ ವಿದ್ಯುತ್ತೂ ಅಕ್ಕಪಕ್ಕ ಸಿಗುವ ಇಂತಹ ಏಣುಗಳು ಬಹಳ ಕಡಿಮೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಬಂದದ್ದು ನಮ್ಮ ಗಣಿಗೆ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ವಿದ್ಯುತ್ ಎಲ್ಲಿದೆಯೋ ಅಧಿಕಾರ ಅಲ್ಲಿರುತ್ತದೆ. ಏಣಿನ ಮೇಲೆ ಮೊದಲು ಸೌರಫಲಕ ಹೂಡಿದವರಿಗೆ ಪಟ್ಟಾ ಬೇಕಾಗುವುದಿಲ್ಲ.

ಸಿರಾ ಗೇಟ್ ತುಮಕೂರು

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಲಾಭದ ಆಸೆ ಇಲ್ಲದೆ ಅಷ್ಟು ದೂರ ಹಣ ಹಾಕುವವರು ಯಾರು? ನಮ್ಮ 2023ರ ಬಾಹ್ಯಾಕಾಶ ನೀತಿಯೇ ಖಾಸಗಿಯವರು ಬಾಹ್ಯಾಕಾಶದಿಂದ ತೆಗೆದ ಸಂಪನ್ಮೂಲವನ್ನು ಹೊಂದಬಹುದು, ಸಾಗಿಸಬಹುದು, ಮಾರಬಹುದು ಎನ್ನುತ್ತದೆ. ಅದೂ ಭಾರತದ ಅಂತರರಾಷ್ಟ್ರೀಯ ಬಾಧ್ಯತೆಗಳಿಗೆ ಒಳಪಟ್ಟು. ತುಮಕೂರಿನಲ್ಲಿ ಗಡಿಯಾರ ಮಾಡುತ್ತಿದ್ದ ಎಚ್‌ಎಂಟಿ ಜಾಗ ಇಸ್ರೊ ಕೈಗೆ ಬಂದಾಗ ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆಂದು ನಾವೆಲ್ಲ ಸಂಭ್ರಮಿಸಿದ್ದೇವೆ. ಉದ್ಯಮವೇ ಬೇಡ ಎಂದರೆ ಆ ಕನಸಿಗೂ ಕಲ್ಲು ಬೀಳುತ್ತದೆ.

ಚಂದ್ರನಲ್ಲಿ ಒಬ್ಬರು ಕೆಲಸ ಮಾಡುವ ಜಾಗದ ಸುತ್ತ ಬೇರೆಯವರು ಅಡ್ಡಿಪಡಿಸದಂತೆ ಸುರಕ್ಷತಾ ವಲಯ ಇರಬೇಕು ಎಂಬ ಮಾತಿಗೂ ಕಾರಣವಿದೆ. 1969ರ ನವೆಂಬರ್‌ನಲ್ಲಿ ಅಪೊಲೊ 12 ಇಳಿದದ್ದು ಅದಕ್ಕೂ ಮೊದಲು ಹೋಗಿದ್ದ ಸರ್ವೇಯರ್ 3 ನೌಕೆಯಿಂದ ಇನ್ನೂರು ಮೀಟರಿಗೂ ಕಡಿಮೆ ದೂರದಲ್ಲಿ. ಗಾಳಿಯಿಲ್ಲದ ನೆಲದಲ್ಲಿ ರಾಕೆಟ್ಟಿನ ಹೊಗೆ ಎಬ್ಬಿಸಿದ ದೂಳು ಸರ್ವೇಯರಿನ ಮೈಯನ್ನು ಉಜ್ಜಿಹಾಕಿತ್ತು. ಒಬ್ಬರ ಕೆಲಸದ ಪಕ್ಕ ಇನ್ನೊಬ್ಬರು ಹಾಗೆ ಬಂದು ಇಳಿಯಬಾರದು ತಾನೇ?

ಕೋಲಾರ ವಕೀಲೆ

ಇಳಿಯಬಾರದು. ಆದ್ದರಿಂದಲೇ ಆ ವಲಯದ ಮಾತನ್ನು ಎಚ್ಚರದಿಂದ ನೋಡಬೇಕು. ಅಮೆರಿಕದ ಮುಂದಾಳತ್ವದಲ್ಲಿ ಆದ 2020ರ ಆರ್ಟೆಮಿಸ್ ಒಡಂಬಡಿಕೆಯಲ್ಲಿ ಅದು ಬರುತ್ತದೆ. ಭಾರತ 2023ರ ಜೂನ್ 21ರಂದು ಸಹಿ ಹಾಕಿತು. ವಲಯ ತಾತ್ಕಾಲಿಕವಾಗಿರಬೇಕು, ಬೇರೆಯವರಿಗೆ ತಿಳಿಸಬೇಕು, ಎಲ್ಲೆಡೆ ಮುಕ್ತ ಪ್ರವೇಶ ಎಂಬ ತತ್ವಕ್ಕೆ ಧಕ್ಕೆಯಾಗಬಾರದು ಎಂದು ಅದರಲ್ಲಿದೆ. ಆದರೆ ವಲಯ ಎಷ್ಟು ಅಗಲ, ಎಷ್ಟು ಕಾಲ ಎಂಬುದನ್ನು ನಿರ್ಧರಿಸುವುದು ಕೆಲಸ ಮಾಡುವವರೇ. ಗಣಿ ಐವತ್ತು ವರ್ಷ ನಡೆದರೆ ತಾತ್ಕಾಲಿಕವೂ ಐವತ್ತು ವರ್ಷವಾಗುತ್ತದೆ. ಅದೇ ಒಡಂಬಡಿಕೆ, ಸಂಪನ್ಮೂಲ ತೆಗೆಯುವುದು ತನ್ನಷ್ಟಕ್ಕೆ ಒಡೆತನ ಸಾಧಿಸಿದಂತಲ್ಲ ಎಂದೂ ಹೇಳುತ್ತದೆ. ತೆರೆದ ಸಮುದ್ರ ಯಾರದೂ ಅಲ್ಲ, ಹಿಡಿದ ಮೀನು ಹಿಡಿದವರದು ಎಂಬ ವಾದ ಇದರ ಹಿಂದಿದೆ. ಮೀನು ಮತ್ತೆ ಮರಿ ಹಾಕುತ್ತದೆ. ಸೂರ್ಯನನ್ನೇ ಕಾಣದ ಕುಳಿಯಲ್ಲಿ ಕೋಟ್ಯಂತರ ವರ್ಷಗಳಿಂದ ಕೂಡಿದ ಹಿಮ ಒಮ್ಮೆ ತೆಗೆದರೆ ಮುಗಿಯಿತು.

ಇದಕ್ಕೆ ಪರ್ಯಾಯವಾಗಿ 1979ರಲ್ಲಿ ಚಂದ್ರ ಒಪ್ಪಂದವೆಂದೇ ಒಂದು ಬಂತು. ಚಂದ್ರನ ಸಂಪತ್ತು ಮನುಕುಲದ ಸಾಮಾನ್ಯ ಆಸ್ತಿ, ಅದನ್ನು ತೆಗೆಯುವ ಕಾಲ ಬಂದಾಗ ಅಂತರರಾಷ್ಟ್ರೀಯ ವ್ಯವಸ್ಥೆಯೊಂದನ್ನು ಮಾಡಬೇಕು, ಲಾಭ ಹಂಚುವಾಗ ಬಡ ದೇಶಗಳ ಅಗತ್ಯವನ್ನು ವಿಶೇಷವಾಗಿ ನೋಡಬೇಕು ಎಂದು ಅದರ ಹನ್ನೊಂದನೇ ವಿಧಿ ಹೇಳುತ್ತದೆ. ಅದನ್ನು ಒಪ್ಪಿ ಒಳಗಿರುವ ದೇಶಗಳು ಇಪ್ಪತ್ತೂ ಇಲ್ಲ. ಅಮೆರಿಕ, ರಷ್ಯಾ, ಚೀನಾ ಇಲ್ಲ. ಭಾರತ 1982ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ನಾವು ಅಂದು ಬಡವರ ಸಾಲಿನಲ್ಲಿ ನಿಂತು ಸಹಿ ಹಾಕಿದೆವು, ಇಂದು ಇಳಿಯಬಲ್ಲವರ ಸಾಲಿನಲ್ಲಿ ನಿಂತಿದ್ದೇವೆ. ಎರಡೂ ಸಾಲಿನ ಅನುಭವವಿರುವ ದೇಶ ನಡುವೆ ನಿಂತು ಒಂದು ನಿಯಮಕ್ಕಾಗಿ ಒತ್ತಾಯಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯಲ್ಲಿ 2021ರಲ್ಲಿ ಇದಕ್ಕೆಂದೇ ಒಂದು ಕಾರ್ಯತಂಡ ರಚನೆಯಾಗಿದೆ. ಒತ್ತಾಯಿಸಬೇಕಾದ ಜಾಗ ಅದು.

ಗೌರಿಬಿದನೂರು ರೇಡಿಯೊ

ನೀರು, ಚಿನ್ನ, ಬಿಸಿಲು ಎಲ್ಲ ಬಂತು. ಇನ್ನೊಂದು ಸಂಪತ್ತನ್ನು ಯಾರೂ ಹೆಸರಿಸಲಿಲ್ಲ. ಚಂದ್ರನ ಬೆನ್ನಿನಲ್ಲಿ ರೇಡಿಯೊ ನಿಶ್ಶಬ್ದವಿದೆ.

ನಮ್ಮ ಗೌರಿಬಿದನೂರಿನ ಹೊರಗೆ ಒಂದು ದೊಡ್ಡ ರೇಡಿಯೊ ದೂರದರ್ಶಕವಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು. ಹೊಲದ ನಡುವೆ ಟಿ ಆಕಾರದಲ್ಲಿ ಹಬ್ಬಿದ ಆಂಟೆನಾಗಳು, ಪೂರ್ವ ಪಶ್ಚಿಮದ ತೋಳೊಂದೇ 1.4 ಕಿಲೋಮೀಟರ್ ಉದ್ದ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಲು ಅದನ್ನು ಮಾಡಿದರು. ಅಂದು ಈ ಕಣಿವೆ ಶಾಂತವಾಗಿತ್ತು. ಈಗ ಅಂತಹ ಶಾಂತಿ ಭೂಮಿಯ ಮೇಲೆ ಸಿಗುವುದೇ ಕಷ್ಟ.

ಮೇಷ್ಟರೇ, ನಿಮ್ಮ ಮಂಚೇನಹಳ್ಳಿಯ ಹತ್ತಿರದ ದಂಡಿಗಾನಹಳ್ಳಿ ಕೆರೆಯ ಕತೆ ಮಕ್ಕಳಿಗೆ ಹೇಳಿದ್ದೀರಾ? ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಜಲಜನಕ ಬಿಟ್ಟ ಬಹಳ ಕ್ಷೀಣವಾದ ಸಂಕೇತವನ್ನು ಹಿಡಿದಿದ್ದೇವೆ ಎಂದು 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಉಪಕರಣ ಇಟ್ಟ ಅಮೆರಿಕದ ತಂಡವೊಂದು ಪ್ರಕಟಿಸಿತು. ಅದನ್ನು ಪರೀಕ್ಷಿಸಲು ರಾಮನ್ ಸಂಸ್ಥೆಯವರು ಸಾರಸ್ 3 ಎಂಬ ಆಂಟೆನಾವನ್ನು ತೆಪ್ಪದ ಮೇಲಿಟ್ಟು ಇದೇ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದ ಮೇಲಿಟ್ಟರೆ ಕೆಳಗಿನ ಪದರಗಳ ಪ್ರತಿಫಲನ ಅಳತೆಯನ್ನು ಕೆಡಿಸುತ್ತದೆ, ನೀರು ಏಕರೂಪವಾಗಿರುತ್ತದೆ. 2022ರಲ್ಲಿ ಫಲಿತಾಂಶ ಬಂತು: ಆ ಸಂಕೇತ ಕಾಣಲಿಲ್ಲ. ಜಗತ್ತಿನ ಖಗೋಳವಿಜ್ಞಾನದ ಒಂದು ದೊಡ್ಡ ವಾದಕ್ಕೆ ಉತ್ತರ ಹೊರಟದ್ದು ನಮ್ಮ ಜಿಲ್ಲೆಯ ಕೆರೆಯಿಂದ.

ಆ ಕ್ಷೀಣ ಸಂಕೇತ ಬರುವ ತರಂಗಾಂತರದಲ್ಲೇ ನಮ್ಮ ಎಫ್‌ಎಂ ಕೇಂದ್ರಗಳೂ ಮಾತನಾಡುತ್ತವೆ. ತಪ್ಪಿಸಿಕೊಳ್ಳಲು ಉಳಿದಿರುವ ಒಳ್ಳೆಯ ಜಾಗ ಚಂದ್ರನ ಆಚೆಯ ಮುಖ. ಅದು ಎಂದೂ ಭೂಮಿಯತ್ತ ತಿರುಗುವುದಿಲ್ಲ, ಸುಮಾರು 3,475 ಕಿಲೋಮೀಟರ್ ವ್ಯಾಸದ ಕಲ್ಲು ನಮ್ಮ ಗದ್ದಲವನ್ನೆಲ್ಲ ತಡೆಯುತ್ತದೆ. ಚಂದ್ರನನ್ನು ಸುತ್ತುತ್ತ ಆ ನೆರಳಿನಲ್ಲಿ ಆಲಿಸುವ ಪ್ರತುಷ್ ಎಂಬ ಯೋಜನೆಯನ್ನು ರಾಮನ್ ಸಂಸ್ಥೆ ರೂಪಿಸುತ್ತಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಗಳಲ್ಲಿ ಈ ರಕ್ಷಿತ ವಲಯಕ್ಕೆ ಪ್ರತ್ಯೇಕ ಸ್ಥಾನವಿದೆ. ಅದಕ್ಕೆ ಯಾರೂ ಮಾಲೀಕರಿಲ್ಲ, ಆದರೂ ನಿಯಮವಿದೆ. ನಿಮ್ಮ ವಿದ್ಯಾರ್ಥಿನಿಗೆ ನಾನು ಕೊಡುವ ಉತ್ತರ ಇದು: ಯಾರದೂ ಅಲ್ಲದ ಜಾಗದಲ್ಲಿ ಏನು ಬೇಕಾದರೂ ಮಾಡಬಹುದು ಎಂದೇನಿಲ್ಲ, ಗದ್ದಲ ಮಾಡಬಾರದು ಎಂದು ಜಗತ್ತು ಮೊದಲೇ ಒಪ್ಪಿಕೊಂಡಿರುವ ಜಾಗವೊಂದು ಅಲ್ಲಿದೆ.

ಆತಂಕವೂ ಇದೆ. 2019ರ ಜನವರಿಯಲ್ಲಿ ಚೀನಾದ ಚಾಂಗ್‌ಎ 4 ಆಚೆಯ ಮುಖಕ್ಕೆ ಇಳಿಯಿತು, 2024ರಲ್ಲಿ ಚಾಂಗ್‌ಎ 6 ಅಲ್ಲಿಂದ ಸುಮಾರು ಎರಡು ಕಿಲೋ ಮಣ್ಣು ತಂದಿತು. ಮಹತ್ವದ ಸಾಧನೆಗಳು. ಆದರೆ ಅಲ್ಲಿ ಕೆಲಸ ಮಾಡಲು ಸಂಪರ್ಕ ಉಪಗ್ರಹ ಬೇಕು, ಉಪಗ್ರಹ ಮಾತನಾಡುತ್ತದೆ. ಒಂದು ಎರಡಾದರೆ ತಡೆದುಕೊಳ್ಳಬಹುದು. ಗಣಿ, ವಸತಿ, ಹತ್ತಾರು ಉಪಗ್ರಹ ಬಂದರೆ ಆ ನಿಶ್ಶಬ್ದವನ್ನು ಮತ್ತೆ ಎಲ್ಲಿಂದ ತರುತ್ತೀರಿ?

ರಾಬರ್ಟ್‌ಸನ್‌ಪೇಟೆ

ನಿಮ್ಮ ಮಾತು ಓದಿ ಮೈ ಜುಮ್ಮೆಂದಿತು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿ ಬಂಡೆಯನ್ನೂ ತೂರಿಹೋಗುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಜಗತ್ತಿನಲ್ಲಿ ಮೊದಲು ಕಂಡ ಜಾಗಗಳಲ್ಲಿ ನಮ್ಮ ಗಣಿಯೂ ಒಂದು. ಎರಡು ಕಿಲೋಮೀಟರಿಗೂ ಹೆಚ್ಚಿನ ಬಂಡೆ ಬೇರೆ ವಿಶ್ವಕಿರಣಗಳನ್ನು ತಡೆಯುತ್ತಿದ್ದುದರಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇಲ್ಲಿಗೆ ಬಂದರು. ಆ ಆಳ ಈಗ ನೀರಿನಡಿ ಇದೆ. ಗಣಿ ನಡೆಸಿದ ಯಾರ ಲೆಕ್ಕಪುಸ್ತಕದಲ್ಲೂ ಆ ಆಳಕ್ಕೆ ಬೆಲೆ ಕಟ್ಟಿರಲಿಲ್ಲ.

ಚಿಂತಾಮಣಿ ರೈತ

ಹಾಗಾದರೆ ಅಲ್ಲಿಗೂ ಗೋಮಾಳದಂತಹ ಏರ್ಪಾಡು ಬೇಕು. ಎಲ್ಲರೂ ಮೇಯಿಸಬಹುದು, ಯಾರೂ ಉಳುವಂತಿಲ್ಲ. ನಮ್ಮ ಗೋಮಾಳಗಳು ಏನಾದವು ಎಂಬುದೂ ನೆನಪಿರಲಿ. ಕಾಯುವವರಿಲ್ಲದ ಕಡೆ ಒತ್ತುವರಿಯಾಗುತ್ತದೆ.

ಸಿರಾ ಗೇಟ್ ತುಮಕೂರು

ಆಚೆಯ ಮುಖವನ್ನು ವಿಜ್ಞಾನಕ್ಕೆ ಬಿಡಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಧ್ರುವದ ವಿಷಯದಲ್ಲಿ ನಾವು ಮುಂದಿರಲೇಬೇಕು ಎಂಬ ಮಾತಿನಿಂದ ಹಿಂದೆ ಸರಿಯುವುದೂ ಇಲ್ಲ. ನಿಯಮ ಬರೆಯುವ ಮೇಜಿನಲ್ಲಿ ಜಾಗ ಸಿಗುವುದು ಅಲ್ಲಿಗೆ ಹೋಗಬಲ್ಲವರಿಗೆ. ಒಂದು ಕೊನೆಯ ಪ್ರಶ್ನೆ ವಕೀಲರಿಗೆ. ಚಂದ್ರಯಾನ 4ಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಮಣ್ಣು ತಂದರೆ ಆ ಮಣ್ಣು ಭಾರತದ್ದೇ?

ಕೋಲಾರ ವಕೀಲೆ

ನಡೆದುಬಂದ ರೂಢಿಯ ಪ್ರಕಾರ ಹೌದು. ಅಪೊಲೊ ಯಾತ್ರೆಗಳು ತಂದ 382 ಕಿಲೋ ಕಲ್ಲು ಮಣ್ಣನ್ನು ಅಮೆರಿಕ ತನ್ನದೆಂದು ಇಟ್ಟುಕೊಂಡಿದೆ. ಸೋವಿಯತ್ ನೌಕೆ ತಂದ ಮೂರು ಸಣ್ಣ ಕಣಗಳು 1993ರಲ್ಲಿ 4,42,500 ಡಾಲರಿಗೆ ಮಾರಾಟವಾದವು. ಆದರೆ ವಿಜ್ಞಾನಕ್ಕೆ ತಂದ ಹಿಡಿ ಮಣ್ಣಿಗೂ ಮಾರಲು ತೆಗೆದ ಸಾವಿರ ಟನ್ ಹಿಮಕ್ಕೂ ಒಂದೇ ರೂಢಿ ಅನ್ವಯಿಸುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ನೀತಿ ಇದೆ, ಕಾಯ್ದೆ ಇನ್ನೂ ಇಲ್ಲ. 2017ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಇಟ್ಟಿದ್ದರು. ಹೊಸ ಕರಡು ಬಂದಾಗ ಈ ಗುಂಪಿನಿಂದ ಒಂದು ಅಭಿಪ್ರಾಯಪತ್ರ ಹೋಗಲಿ, ನಾನು ಬರೆದುಕೊಡುತ್ತೇನೆ. ಭಾರತದ ಅನುಮತಿ ಪಡೆದು ಚಂದ್ರನಲ್ಲಿ ಅಗೆಯುವ ಕಂಪನಿ ಎಷ್ಟು ರಾಯಧನ ಯಾರಿಗೆ ಕೊಡಬೇಕು, ಕೆಲಸ ಮುಗಿದ ಮೇಲೆ ಉಳಿದದ್ದನ್ನು ತೆರವು ಮಾಡುವ ಹೊಣೆ ಯಾರದು, ಆಚೆಯ ಮುಖದಲ್ಲಿ ಯಾವ ತರಂಗಾಂತರಗಳನ್ನು ಮುಟ್ಟಬಾರದು ಎಂಬ ಮೂರೂ ಕಾಯ್ದೆಯ ಒಳಗೇ ಇರಬೇಕು, ಪರವಾನಗಿಯ ಷರತ್ತಿಗೆ ಬಿಡಬಾರದು. ರಾಬರ್ಟ್‌ಸನ್‌ಪೇಟೆಯವರು ದಿಬ್ಬಗಳ ಬಗ್ಗೆ, ಗೌರಿಬಿದನೂರಿನವರು ತರಂಗಾಂತರಗಳ ಬಗ್ಗೆ ತಲಾ ಒಂದು ಪುಟ ಬರೆದು ಕಳಿಸಿ.